ಎಣಿಕೆಯೂ ಆಲಿಕೆಯೂ

1993-94ರಲ್ಲಿ ಕರ್ನಾಟಕದಲ್ಲಿ ನಡೆದ ದೇವದಾಸಿಯರ ಗಣತಿಯಲ್ಲಿ ದೊರೆತ ಸಂಖ್ಯೆ 22,873. 2007-08ರ ಗಣತಿಯ ತರುವಾಯ ಅದು 46,660ಕ್ಕೆ ಏರಿತು. ಈ ಎರಡು ಅಂಕಿಗಳನ್ನು ಮಾತ್ರ ಬಲ್ಲವನು, ಸಮರ್ಪಣೆಯನ್ನು ನಿಷೇಧಿಸಿದ 1982ರ ಶಾಸನವಿದ್ದೂ ಪದ್ಧತಿ ಇಮ್ಮಡಿಯಾಯಿತೆಂದು ತೀರ್ಮಾನಿಸಿದರೆ ಆತನನ್ನು ಆಕ್ಷೇಪಿಸಲಾಗದು. ಆದರೆ ಉಚ್ಚಂಗಿದುರ್ಗದ ಬೆಟ್ಟದ ಸುತ್ತಣ ಕೇರಿಗಳಲ್ಲಿ ಪ್ರಶ್ನಾವಳಿಯನ್ನು ಹಿಡಿದು ತಿರುಗಿದ ನನಗೆ, ಎರಡನೆಯ ಎಣಿಕೆ ಹೆಚ್ಚಾಗಿ ಕಂಡುದು ಹೊಸಬರನ್ನಲ್ಲ, ಮೊದಲನೆಯದರಲ್ಲಿ ಬಾಯಿ ಬಿಡದೆ ಉಳಿದವರನ್ನು ಎಂದೇ ತೋರುತ್ತದೆ.

ಬಾಯಿ ಬಿಡದಿರುವುದಕ್ಕೆ ಕಾರಣಗಳಿದ್ದುವು. ಉಚ್ಚಂಗಿದುರ್ಗವಿರುವ ಹರಪನಹಳ್ಳಿ ಸೀಮೆ ಹಿಂದೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದುದರಿಂದ ಆ ಪ್ರಾಂತ್ಯದ 1947ರ ನಿಷೇಧವೂ ಇಲ್ಲಿಗೆ ಅನ್ವಯಿಸಿತ್ತು. ಮಗಳ ಕೊರಳಿಗೆ ಸಮರ್ಪಣೆಯ ಮುತ್ತು ಕಟ್ಟಿಸಿದ ಹೆತ್ತವರೂ ಅಪರಾಧಿಗಳೇ ಎಂಬ ಭಯ ಎಷ್ಟೋ ಮನೆಗಳಲ್ಲಿ ಮನೆಮಾಡಿತ್ತು. ಒಮ್ಮೆ ಜಗಲಿಯ ಮೇಲೆ ಕುಳಿತು ಪ್ರಶ್ನೆ ಕೇಳುತ್ತಿದ್ದಾಗ, ನಡುವಯಸ್ಸು ದಾಟಿದ ಹೆಂಗಸೊಬ್ಬಳು ಸೆರಗನ್ನು ಕೊರಳಿನ ಮೇಲಕ್ಕೆ ಎಳೆದುಕೊಂಡು, ಗಂಡ ತೀರಿಕೊಂಡನೆಂದು ಬರೆಯಿಸಿದಳು. ಕೆಲವು ವಾರಗಳು ಕಳೆದು, ಯಾವ ಕಾಗದವೂ ಇಲ್ಲದೆ ಆ ಹಾದಿಯಲ್ಲಿ ಹೋಗುತ್ತಿದ್ದ ನನ್ನನ್ನು ಆಕೆಯೇ ಕರೆದು ಕೂರಿಸಿ, "ಅವತ್ತು ಬೀಗರು ಕುಂತಿದ್ರಲ್ಲಪ್ಪಾ, ಮಗನ ಲಗ್ನದ ಮಾತು ನಡೆದಿತ್ತು, ಹೆಂಗ್ ಹೇಳ್ಲಿ?" ಎಂದಳು. ನಮೂನೆಯಲ್ಲಿ ಆಕೆ ವಿಧವೆ. ಆ ಉತ್ತರ ಕೇವಲ ಸುಳ್ಳಲ್ಲ, ಮಗನ ಮದುವೆಯನ್ನು ಕಾಯ್ದುಕೊಂಡ ಉಪಾಯ.

ಹಾಗೆಂದು ಗುಣಾತ್ಮಕ ಸಂಶೋಧನೆಯೇ ಸತ್ಯದ ಹೆದ್ದಾರಿಯೆಂದು ಪ್ರತಿಪಾದಿಸುವ ಮಿತ್ರರೊಡನೆ ನಾನು ಸಹಮತನಲ್ಲ. ಕತೆ ಹೇಳುವುದರಲ್ಲಿ ನಿಪುಣರಾದ ಒಬ್ಬಿಬ್ಬರು ಪ್ರತಿಯೊಂದು ಕೇರಿಯಲ್ಲಿಯೂ ಇರುತ್ತಾರೆ. ಬಂದವರೆಲ್ಲ ಅವರ ಬಳಿಗೇ ಹೋಗುವುದರಿಂದ ಅವರ ದುಃಖಕ್ಕೊಂದು ಕ್ರಮವೂ, ನಿಲುಗಡೆಗಳೂ ಏರ್ಪಟ್ಟಿರುತ್ತವೆ. ಅಂಥ ಒಬ್ಬಾಕೆಯ ಮಾತಿನಲ್ಲಿ ಗುಳೆಯ ಪ್ರಸ್ತಾಪವೇ ಬರಲಿಲ್ಲ. ಮನೆಮನೆಯ ಪಟ್ಟಿ ಮಾಡಿದಾಗ ಮಾತ್ರ, ಮೆಕ್ಕೆಜೋಳದ ಒಕ್ಕಲು ಮುಗಿದ ಮೇಲೆ ಬೀಗ ಬಿದ್ದ ಬಾಗಿಲುಗಳು ಸಾಲುಸಾಲಾಗಿ ಎದುರಾದುವು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ನಿಂತು ನೋಡುವವನ ಪಾಡೂ ಇಂಥದೇ: ಬೆಟ್ಟದ ದಾರಿಯಲ್ಲಿ ಪೊಲೀಸರು, ಉಚ್ಚಂಗೆಮ್ಮನಿಗೆ ಉಧೋ ಎನ್ನುವ ಜನಸ್ತೋಮ, ಸಮರ್ಪಣೆಯ ಸುಳಿವಿಲ್ಲ. ಮನೆಯೊಳಗೂ ನಡೆಯಬಲ್ಲ ಕಾರ್ಯವನ್ನು ಗುಡಿಯ ಮುಂದೆ ಕಾಣದೆ, ಅದು ಅಳಿಯಿತೆಂದು ಬರೆದವರನ್ನೂ ನಾನು ಓದಿದ್ದೇನೆ.

ಎಣಿಕೆ, ಆಲಿಕೆಗಳೆರಡನ್ನೂ ಬೆಸೆಯುವುದರಲ್ಲಿ ನನಗೆ ಮಾದರಿಯಾಗಿ ತೋರಿದವರು ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್. 1954ರಿಂದ 1956ರವರೆಗೆ ಮಂಡ್ಯದ ಎರಡು ಹಳ್ಳಿಗಳಲ್ಲಿ ನೆಲೆಸಿ, ಮನೆಗಳ ಆದಾಯ ವೆಚ್ಚಗಳನ್ನು ಲೆಕ್ಕಹಾಕುತ್ತಲೇ ಜನರ ಜಗಳ, ಹಬ್ಬ, ಸಾಲಗಳನ್ನೂ ಆಲಿಸಿದ ಆಕೆ, ನಾಲೆಯ ನೀರು ಬಂದ ಊರಿಗಿಂತ ನೀರು ಬಾರದ ಊರಿನ ಸಮಾಜವೇ ಹೆಚ್ಚು ಬದಲಾಯಿತೆಂಬ ವಿಚಿತ್ರವನ್ನು 1962ರ ಗ್ರಂಥದಲ್ಲಿ ವಿವರಿಸಿದರು. ಒಣ ಹೊಲದವರು ಜೀವನೋಪಾಯಕ್ಕಾಗಿ ಊರಿನಾಚೆಗೆ ಕೈಚಾಚಿದ್ದರು. ಬರಿಯ ಬೆಳೆಯ ಲೆಕ್ಕದಿಂದ ಇದು ಹೊಳೆಯುವಂಥದಲ್ಲ. ಬರಿಯ ಹರಟೆಯಿಂದ ಹೊಳೆದಿದ್ದರೂ ಯಾರೂ ನಂಬುತ್ತಿರಲಿಲ್ಲ.

ಈಗ ನಾನು ಮೊದಲು ಕಾಗದವಿಲ್ಲದೆ ಕೇರಿಗೆ ಹೋಗುತ್ತೇನೆ. ಮುತ್ತಿನ ಪ್ರಶ್ನೆಯನ್ನು ನಮೂನೆಯ ಕೊನೆಗೆ ಸರಿಸಿ, ಅದನ್ನು ಕೇಳುವ ಕೆಲಸವನ್ನು ಆ ಬದುಕನ್ನೇ ಬಾಳಿದ ಹೆಂಗಸರಿಗೆ ಒಪ್ಪಿಸುತ್ತೇನೆ. ಬೀಗ ಬಿದ್ದ ಮನೆಗಳಿಗೆ ಪ್ರತ್ಯೇಕ ಅಂಕಣವಿರುತ್ತದೆ. ಗುಳೆ ಹೋದವರು ಯುಗಾದಿಯ ಹೊತ್ತಿಗೆ ಮರಳಿದಾಗ ಇನ್ನೊಂದು ಸುತ್ತು. ಆ ಎರಡನೆಯ ಸುತ್ತಿಗೆ ಹಣ ಕೊಡುವವರನ್ನು ಒಪ್ಪಿಸುವುದು ಮಾತ್ರ ಇಂದಿಗೂ ಕಠಿನವಾಗಿಯೇ ಇದೆ.