ಭಾನುವಾರ ಬೆಳಿಗ್ಗೆ ಅಂಗಡಿ ಮುಚ್ಚಿಸಿ ಅಂತ ನಾವು ಕಾನೂನು ಕೇಳಬೇಕಾ?

ವಾಕ್ಯಭಾಗ: ನೆಹೆಮೀಯ 13:15-22; ನೆಹೆಮೀಯ 10:31; ಧರ್ಮೋಪದೇಶಕಾಂಡ 5:12-15; ಅಪೊಸ್ತಲರ ಕೃತ್ಯಗಳು 20:7-12

ಮಳೆ ಇದ್ರೂ ಬಂದಿದ್ದೀರಿ, ದೇವರಿಗೆ ಸ್ತೋತ್ರ.

ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಇಬ್ಬರು ಯೌವನಸ್ಥರು ನನ್ನ ಹತ್ರ ಒಂದು ಪತ್ರ ತಂದ್ರು. ಶಾಸಕರಿಗೆ ಬರೆದ ಮನವಿ. ಭಾನುವಾರ ಬೆಳಿಗ್ಗೆ ಏಳರಿಂದ ಹನ್ನೆರಡರ ತನಕ ಅಂಗಡಿಗಳನ್ನ ಮುಚ್ಚಬೇಕು, ಅದಕ್ಕೊಂದು ಕಾನೂನು ಬರಬೇಕು ಅಂತ. "ಪಾಸ್ಟರ್, ಮೊದಲನೇ ಸಹಿ ನಿಮ್ದೇ ಇರ್ಲಿ" ಅಂದ್ರು. ನಾನು ಸಹಿ ಹಾಕಲಿಲ್ಲ. ಒಂದು ವಾರ ಕೊಡಿ, ವಾಕ್ಯ ನೋಡಿ ಉತ್ತರ ಹೇಳ್ತೀನಿ ಅಂದೆ. ಇವತ್ತಿನ ಸಂದೇಶವೇ ಆ ಉತ್ತರ.

ಆ ಮಕ್ಕಳನ್ನ ನಾನು ತಪ್ಪು ತಿಳಿಯೋದಿಲ್ಲ. ಅವರು ಯಾಕೆ ಬರೆದ್ರು ಅಂತ ನಮಗೆಲ್ಲ ಗೊತ್ತು. ಎರಡನೇ ಸಾಲಲ್ಲಿ ಕೂತು ಹಾಡ್ತಿದ್ದ ನಮ್ಮ ತಂಗಿ ಒಂದು ದೊಡ್ಡ ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯ್ತು. ವಾರದ ರಜೆ ಬುಧವಾರ. ಭಾನುವಾರ ಜನ ಜಾಸ್ತಿ, ಬಿಡೋದಿಲ್ಲ. ಅವಳ ತಾಯಿ ಪ್ರತಿ ವಾರ ಇಲ್ಲಿ ಬಂದು ಕಣ್ಣೀರಿಡ್ತಾರೆ. ನಾನೂ ಹದಿನೆಂಟನೇ ವಯಸ್ಸಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿದವನು. ವಾರಕ್ಕೆ ಏಳು ದಿನವೂ ಕೆಲಸ. ಭಾನುವಾರ ಬೆಳಿಗ್ಗೆ ಷಟರ್ ಎತ್ತುವಾಗ, ಎದುರುಗಡೆ ಬೈಬಲ್ ಹಿಡ್ಕೊಂಡು ಹೋಗೋ ಕುಟುಂಬಗಳನ್ನ ನೋಡಿ ಹೊಟ್ಟೆ ಉರೀತಿತ್ತು. ಆದ್ದರಿಂದ ಇದು ನನಗೆ ಪುಸ್ತಕದ ಪ್ರಶ್ನೆ ಅಲ್ಲ.

ಈಗ ವಾಕ್ಯಕ್ಕೆ ಬರೋಣ. ಮೂರು ಪ್ರಶ್ನೆ ಕೇಳ್ತೀನಿ. ಬರ್ಕೊಳ್ಳೋರು ಬರ್ಕೊಳ್ಳಿ.

ಮೊದಲನೇ ಪ್ರಶ್ನೆ: ಇದು ಯಾರ ಪಟ್ಟಣ?

ಮನವಿ ಪತ್ರದಲ್ಲಿ ನೆಹೆಮೀಯ 13ನೇ ಅಧ್ಯಾಯ ಬರೆದಿದ್ರು. ಸಬ್ಬತ್ ದಿನದಲ್ಲಿ ಯೆರೂಸಲೇಮಿನೊಳಗೆ ವ್ಯಾಪಾರ ನಡೀತಿತ್ತು. ತೂರಿನವರು ಮೀನು ತಂದು ಮಾರ್ತಿದ್ರು. ನೆಹೆಮೀಯ ಕತ್ತಲಾಗ್ತಿದ್ದ ಹಾಗೇ ಬಾಗಿಲು ಮುಚ್ಚಿಸಿದ, ಕಾವಲು ಹಾಕಿದ. ವ್ಯಾಪಾರಿಗಳು ಒಂದೆರಡು ಸಾರಿ ಗೋಡೆಯ ಹೊರಗೇ ಮಲಗಿದಾಗ ಗದರಿಸಿ ಓಡಿಸಿದ. ಓದಿದ್ರೆ ನಮಗೂ ಹಾಗೇ ಮಾಡ್ಬೇಕು ಅನ್ಸುತ್ತೆ.

ಆದ್ರೆ ನೆಹೆಮೀಯ ಅಲ್ಲಿ ಅಧಿಪತಿ. ಆ ಜನ ದೇವರ ಒಡಂಬಡಿಕೆಯ ಜನ. ಅವನು ಹೊಸದಾಗಿ ಏನನ್ನೂ ಹೇರಲಿಲ್ಲ, ಅವರೇ ಒಪ್ಪಿದ್ದನ್ನ ನೆನಪಿಸಿದ. ನಮ್ಮ ಕರ್ನಾಟಕದಲ್ಲಿ 2011ರ ಜನಗಣತಿ ಪ್ರಕಾರ ಕ್ರೈಸ್ತರು ಶೇಕಡಾ 2ಕ್ಕಿಂತ ಕಡಿಮೆ. ಈ ಶ್ರೀಗಂಧದ ಕಾವಲ್‌ನಲ್ಲಿ, ಸುಂಕದಕಟ್ಟೆಯಲ್ಲಿ, ಹೆಗ್ಗನಹಳ್ಳಿಯಲ್ಲಿ ನಮ್ಮ ಅಕ್ಕಪಕ್ಕದವರು ಯಾರೂ ಆ ಒಡಂಬಡಿಕೆಗೆ ಸಹಿ ಹಾಕಿದವರಲ್ಲ. ಶುಕ್ರವಾರ ಮಧ್ಯಾಹ್ನ ನಮಾಜ್‌ಗೋಸ್ಕರ ಎಲ್ಲರೂ ಅಂಗಡಿ ಮುಚ್ಚಿ ಅಂದ್ರೆ ನಾವು ಒಪ್ತೀವಾ? ಕೆಲವು ಹಬ್ಬದ ದಿನ ಬೆಂಗಳೂರಲ್ಲಿ ಮಾಂಸ ಮಾರಬಾರದು ಅಂತ ಪಾಲಿಕೆ ಆದೇಶ ಬರುತ್ತಲ್ಲ, ಆಗ ಕೋಳಿ ಅಂಗಡಿ ಇಟ್ಟಿರೋ ನಮ್ಮ ಅಣ್ಣ ಎಷ್ಟು ಬೇಜಾರು ಮಾಡ್ಕೊಳ್ತಾರೆ ಅಂತ ನನಗೆ ಗೊತ್ತು. ನಮಗೆ ಮಾಡಿದ್ರೆ ನೋವಾಗೋದನ್ನ ನಾವು ಬೇರೆಯವರಿಗೆ ಮಾಡೋಣ್ವಾ?

ಇನ್ನೊಂದು ವಿಷಯ. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರದ ವಿಶ್ರಾಂತಿಗೆ ಆಜ್ಞೆ ಹೊರಡಿಸಿದ್ದು ಕ್ರಿ.ಶ. 321ರಲ್ಲಿ. ಅದರಲ್ಲೂ ಹೊಲದ ಕೆಲಸದವರಿಗೆ ವಿನಾಯಿತಿ ಇತ್ತು. ಅಂದ್ರೆ ಸುಮಾರು ಮುನ್ನೂರು ವರ್ಷ ಸಭೆಗೆ ಭಾನುವಾರದ ರಜೆಯೇ ಇರಲಿಲ್ಲ! ಅಪೊಸ್ತಲರ ಕೃತ್ಯಗಳು 20 ನೋಡಿ. ವಾರದ ಮೊದಲನೇ ದಿನ ತ್ರೋವದಲ್ಲಿ ರೊಟ್ಟಿ ಮುರಿಯೋಕೆ ಕೂಡಿದ್ರು. ಎಷ್ಟು ಹೊತ್ತಿಗೆ? ರಾತ್ರಿ. ಮಹಡಿಯಲ್ಲಿ ದೀಪ ಹಚ್ಚಿದ್ರು, ಪೌಲ ಮಧ್ಯರಾತ್ರಿ ತನಕ ಮಾತಾಡಿದ, ಕಿಟಕಿಯಲ್ಲಿ ಕೂತ ಯೂತಿಖ ತೂಕಡಿಸಿ ಕೆಳಗೆ ಬಿದ್ದ. ಪಾಪ, ಹಗಲೆಲ್ಲಾ ದುಡಿದು ಬಂದಿದ್ನೋ ಏನೋ. ಕಾನೂನಿನ ಸಹಾಯ ಇಲ್ಲದೆ ಆ ಸಭೆ ಬೆಳೀತು. ಹಲ್ಲೆಲೂಯ!

ಎರಡನೇ ಪ್ರಶ್ನೆ: ಇದು ಯಾರ ವಿಶ್ರಾಂತಿ?

ಹಾಗಾದ್ರೆ ಕಾನೂನೇ ಬೇಡ್ವಾ ಪಾಸ್ಟರ್ ಅಂತೀರಿ. ನಿಲ್ಲಿ. ಧರ್ಮೋಪದೇಶಕಾಂಡ 5ರಲ್ಲಿ ಮೋಶೆ ಒಂದು ಕಾರಣ ಹೇಳ್ತಾನೆ. ನಿನ್ನ ದಾಸನೂ ದಾಸಿಯೂ ನಿನ್ನ ಹಾಗೇ ದಣಿವಾರಿಸ್ಕೊಳ್ಳಬೇಕು, ಯಾಕಂದ್ರೆ ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ. ಎತ್ತು, ಕತ್ತೆ, ಊರಲ್ಲಿರೋ ಪರದೇಶಿ, ಎಲ್ಲರ ಹೆಸರೂ ಅಲ್ಲಿದೆ. ಅಂದ್ರೆ ದೇವರ ಮನಸ್ಸಲ್ಲಿ ಕೆಲಸದವನ ಬೆನ್ನು ಇದೆ.

ನಮ್ಮ ದೇಶದಲ್ಲಿ ಕೂಲಿಗಾರರಿಗೆ ಭಾನುವಾರದ ರಜೆ ಹೇಗೆ ಬಂತು ಗೊತ್ತಾ? ಮುಂಬೈನ ಗಿರಣಿ ಕಾರ್ಮಿಕರಿಗೋಸ್ಕರ ನಾರಾಯಣ ಮೇಘಾಜಿ ಲೋಖಂಡೆ ಅನ್ನೋರು 1884ರಿಂದ ಹೋರಾಡಿದ್ರು. 1890ರ ಜೂನ್ 10ರಂದು ಗಿರಣಿ ಮಾಲೀಕರು ಒಪ್ಪಿದ್ರು. ಲೋಖಂಡೆ ಕ್ರೈಸ್ತರಲ್ಲ, ಜ್ಯೋತಿಬಾ ಫುಲೆಯವರ ಜೊತೆಗಾರರು. ನಾವು ಇವತ್ತು ಇಲ್ಲಿ ಕೂತು ಅನುಭವಿಸ್ತಿರೋ ರಜೆಯಲ್ಲಿ ಅವರ ಬೆವರೂ ಇದೆ.

ನಮ್ಮ ರಾಜ್ಯದಲ್ಲೂ ಕಾನೂನು ಇದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961. ಪ್ರತಿ ಕೆಲಸಗಾರನಿಗೂ ವಾರಕ್ಕೆ ಒಂದು ಪೂರ್ತಿ ದಿನ ರಜೆ ಕೊಡಲೇಬೇಕು. ಆದ್ರೆ ಅದು ಭಾನುವಾರವೇ ಆಗಬೇಕು ಅಂತ ಹೇಳೋದಿಲ್ಲ. 2021ರ ಜನವರಿಯಲ್ಲಿ ಸರ್ಕಾರ ಹತ್ತು ಅಥವಾ ಹೆಚ್ಚು ಕೆಲಸಗಾರರಿರೋ ಅಂಗಡಿಗಳಿಗೆ ವರ್ಷಪೂರ್ತಿ ಹಗಲೂ ರಾತ್ರಿ ತೆರೆದಿರೋಕೆ ಮೂರು ವರ್ಷಗಳ ಮಟ್ಟಿಗೆ ಅನುಮತಿ ಕೊಟ್ಟಾಗಲೂ, ಸರದಿ ಪ್ರಕಾರ ವಾರದ ರಜೆ ಕೊಡಬೇಕು, ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಿಂತ ಜಾಸ್ತಿ ದುಡಿಸಬಾರದು ಅನ್ನೋ ಷರತ್ತು ಹಾಕಿತ್ತು. ಅಂಗಡಿಗೆ ರಜೆ ಇಲ್ಲದಿದ್ರೂ ಆಳಿಗೆ ರಜೆ ಇರಬೇಕು ಅಂತ ಅರ್ಥ.

ಈ ಕಾನೂನಿಗೆ ನಾನು ಎರಡೂ ಕೈ ಎತ್ತಿ ಆಮೆನ್ ಅಂತೀನಿ. ಯಾಕಂದ್ರೆ ಇದು ನನ್ನ ಆರಾಧನೆಯನ್ನ ಪಕ್ಕದವನ ಮೇಲೆ ಹಾಕೋದಿಲ್ಲ, ಬಡವನ ದಣಿವಾರಿಸುತ್ತೆ. ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗೋ ನಮ್ಮ ಅಕ್ಕಂದಿರನ್ನ ಕೇಳಿ. ಅವರಿಗೆ ತರಕಾರಿ, ರೇಷನ್ ತರೋಕೆ ಇರೋದೇ ಭಾನುವಾರ. ಆ ಬೆಳಿಗ್ಗೆ ಎಲ್ಲಾ ಮುಚ್ಚಿಸಿದ್ರೆ ತೊಂದರೆ ಮೊದಲು ಅವರಿಗೇ. ಸಣ್ಣ ಅಂಗಡಿಯವರಿಗೂ ವಾರದ ದೊಡ್ಡ ವ್ಯಾಪಾರ ಆವತ್ತೇ.

ಮೂರನೇ ಪ್ರಶ್ನೆ: ಕೊಂಡುಕೊಳ್ಳೋರು ಯಾರು?

ಇದನ್ನ ಹೇಳೋಕೆ ನನಗೇ ಕಷ್ಟ. ಮನವಿ ಪತ್ರದಲ್ಲಿ 13ನೇ ಅಧ್ಯಾಯ ಇತ್ತು, 10ನೇ ಅಧ್ಯಾಯ ಇರಲಿಲ್ಲ. ನೆಹೆಮೀಯ 10:31 ತೆಗೀರಿ. ಅಲ್ಲಿ ಜನ ಪ್ರಮಾಣ ಮಾಡಿದ್ದೇನು? ಹೊರಗಿನವರು ಸಬ್ಬತ್ತಿನಲ್ಲಿ ಮಾರಬಾರದು ಅಂತಲಾ? ಅಲ್ಲ. ಅವರು ತಂದ್ರೂ ನಾವು ಕೊಂಡುಕೊಳ್ಳೋದಿಲ್ಲ ಅಂತ. ಪ್ರಮಾಣ ಕೊಳ್ಳೋರದ್ದು!

ಹೋದ ಭಾನುವಾರ ಆ ಪತ್ರವನ್ನ ಜೇಬಲ್ಲಿಟ್ಕೊಂಡು ನಾನು ಎಲ್ಲಿಗೆ ಹೋದೆ ಗೊತ್ತಾ? ಆರಾಧನೆ ಮುಗಿಸಿ ನೇರವಾಗಿ ಬಿರಿಯಾನಿ ಪಾರ್ಸೆಲ್ ತರೋಕೆ. ಉದ್ದ ಸಾಲು. ಅದರಲ್ಲಿ ನಮ್ಮ ಸಭೆಯವರೇ ಐದು ಜನ. ಲೇಟಾಯ್ತು ಅಂತ ಕಟ್ಟೋ ಹುಡುಗನಿಗೆ ನಾನೇ ರೇಗಿದೆ. ಅವನು ತಲೆ ಎತ್ತಿ, "ಬೆಳಿಗ್ಗೆ ನಾಲ್ಕಕ್ಕೆ ಎದ್ದಿದ್ದೀನಿ ಸಾರ್" ಅಂದ. ಅಷ್ಟೇ ಅಂದದ್ದು. ಮನೆಗೆ ಬಂದೆ, ತುತ್ತು ಇಳೀಲಿಲ್ಲ. ಬಟ್ಟೆ ಅಂಗಡಿಯಲ್ಲಿ ಷಟರ್ ಎತ್ತುತ್ತಿದ್ದ ಆ ಹುಡುಗ ನಾನೇ ಅಲ್ವಾ? ಐಗುಪ್ತದಿಂದ ಬಂದವನು ಐಗುಪ್ತವನ್ನ ಮರೆತಿದ್ದೆ. ಕರ್ತನ ಮುಂದೆ ಕ್ಷಮೆ ಕೇಳಿದ್ದೀನಿ, ಇವತ್ತು ನಿಮ್ಮ ಮುಂದೆಯೂ ಕೇಳ್ತೀನಿ.

ಭಾನುವಾರ ಕೊಳ್ಳೋದೇ ಪಾಪ ಅಂತ ನಾನು ನಿಯಮ ಮಾಡ್ತಿಲ್ಲ. ದಿನಗಳ ವಿಷಯದಲ್ಲಿ ಪ್ರತಿಯೊಬ್ಬನೂ ತನ್ನ ಮನಸ್ಸಲ್ಲಿ ನಿಶ್ಚಯ ಮಾಡ್ಕೊಳ್ಳಲಿ ಅಂತ ಪೌಲ ರೋಮಾಪುರದವರಿಗೆ 14ರಲ್ಲಿ ಬಿಟ್ಟಿದ್ದಾನೆ. ಗಾರ್ಮೆಂಟ್ಸ್ ಅಕ್ಕಂದಿರು ನಿಶ್ಚಿಂತೆಯಿಂದ ತರಕಾರಿ ತರ್ಲಿ. ಶನಿವಾರವೇ ತರೋಕೆ ಆಗೋರು ಶನಿವಾರ ತಂದಿಡಿ. ಕೌಂಟರ್ ಹಿಂದೆ ನಿಂತವರ ಮೇಲೆ ರೇಗಬೇಡಿ.

ಹಾಗಾಗಿ ನನ್ನ ಉತ್ತರ: ಆ ಪತ್ರಕ್ಕೆ ನಾನು ಸಹಿ ಹಾಕೋದಿಲ್ಲ. ಬದಲಿಗೆ ಮೂರು ಕೆಲಸ ಮಾಡೋಣ. ಒಂದು, ಬುಧವಾರ ಸಂಜೆ ಏಳಕ್ಕೆ ಇಲ್ಲೇ ಆರಾಧನೆ, ಕರ್ತನ ಭೋಜನ ಸಹಿತ, ಇದೇ ವಾರದಿಂದ. ನಮ್ಮ ತಂಗಿ ಒಬ್ಬಳೇ ಬಂದ್ರೂ ನಡೆಸ್ತೀವಿ. ಎರಡು, ವಾರದ ರಜೆಯೇ ಸಿಗದೆ ದುಡಿಯೋರು ನಮ್ಮಲ್ಲಿದ್ರೆ, ಯಾವ ಧರ್ಮದ ಪಕ್ಕದವರಾದ್ರೂ ಸರಿ, ನನಗೆ ಹೇಳಿ. ಕಾರ್ಮಿಕ ಇಲಾಖೆಗೆ ಅರ್ಜಿ ಬರೆಯೋಕೆ ಆ ಇಬ್ಬರು ಯೌವನಸ್ಥರು ಒಪ್ಪಿದ್ದಾರೆ. ಅವರ ಅಕ್ಷರ ಚೆನ್ನಾಗಿದೆ. ಮೂರು, ನಮ್ಮಲ್ಲಿ ಅಂಗಡಿ ಇಟ್ಟಿರೋರು, ಮನೆಗೆಲಸಕ್ಕೆ ಜನ ಇಟ್ಟಿರೋರು, ಅವರಿಗೆ ವಾರಕ್ಕೊಂದು ದಿನ ಸಂಬಳ ಹಿಡಿಯದೆ ರಜೆ ಕೊಡಿ. ಶಾಸಕರನ್ನ ಕೇಳೋ ಮೊದಲು ಇದನ್ನ ನಮ್ಮ ಮನೆಯಲ್ಲಿ ಮಾಡೋಣ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ.

ಪರಲೋಕದ ತಂದೆಯೇ, ಈ ಹೊತ್ತಿನಲ್ಲಿ ಕೌಂಟರ್‌ಗಳಲ್ಲಿ, ಅಡುಗೆ ಮನೆಗಳಲ್ಲಿ, ಗೋಡೌನ್‌ಗಳಲ್ಲಿ ನಿಂತಿರೋ ನಮ್ಮ ಮಕ್ಕಳನ್ನ ನೆನಪು ಮಾಡ್ಕೊಳ್ಳಪ್ಪಾ. ಅವರ ಕಾಲುಗಳಿಗೆ ಬಲ ಕೊಡು. ಅವರಿಗೆ ವಿಶ್ರಾಂತಿ ಸಿಗೋ ಹಾಗೆ ನಮ್ಮ ಕೈಯಲ್ಲಿರೋದನ್ನ ನಾವು ಮಾಡೋಕೆ ಕೃಪೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.