ಹೊರುವ ದೋಣಿ, ಎಳೆಯುವ ದೋಣಿ

ವಯನಾಡಿನ ಬೇಗೂರು ಕಾಡಿನ ನಡುವಣ ಊರು. ತಿರುನೆಲ್ಲಿಯ ಕಡೆಯಿಂದ ಇಳಿದು ಬರುವ ಕಾಳಿಂದಿಯು ಕಬಿನಿಯನ್ನು ಸೇರುವುದು ಇದೇ ಸೀಮೆಯಲ್ಲಿ. ಇಲ್ಲಿಯ ಮಗುವಿಗೆ ಹೊಳೆ ಗೊತ್ತು, ಕಡಲು ಗೊತ್ತಿಲ್ಲ. ಜಲಸಾರಿಗೆಯ ಪಾಠದಲ್ಲಿ ‘ಟಗ್’, ‘ಬಾರ್ಜ್’ ಎಂಬ ಪದಗಳು ಬಂದಾಗ ಒಂದೊಂದಕ್ಕೆ ಒಂದೊಂದು ಸಾಲಿನ ಅರ್ಥವನ್ನು ಬರೆಸಿ ಮುಂದೆ ಸಾಗುವುದು ರೂಢಿಯಾಗಿದೆ. ಮಗು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತದೆ. ಆದರೆ ಒಂದು ದೋಣಿಯನ್ನು ಇನ್ನೊಂದು ದೋಣಿ ಏಕೆ ಎಳೆಯಬೇಕು ಎಂಬ ಪ್ರಶ್ನೆಗೆ ಅದರ ಬಳಿ ಉತ್ತರವಿರುವುದಿಲ್ಲ. ಪಾಠವು ಆರಂಭವಾಗಬೇಕಾದುದು ಆ ಪ್ರಶ್ನೆಯಿಂದ; ಅದಕ್ಕೆ ಬೇಕಾದ ಸಾಮಗ್ರಿಯೂ ಹೊಳೆಯ ಬದಿಯಲ್ಲಿಯೇ ಇದೆ.

ಬೇಗೂರಿನಿಂದ ಬಹಳ ದೂರವಲ್ಲದ ಪಾಲ್ವೆಳಿಚ್ಚಂ ಕಡವಿನಲ್ಲಿ ಕುರುವಾ ದ್ವೀಪಕ್ಕೆ ಜನರನ್ನು ಬಿದಿರಿನ ತೆಪ್ಪದ ಮೇಲೆ ದಾಟಿಸುತ್ತಾರೆ. ತೆಪ್ಪಕ್ಕೆ ತನ್ನದೇ ಆದ ಶಕ್ತಿಯಿಲ್ಲ. ಅದು ಹೊರುತ್ತದೆ, ಅಷ್ಟೇ. ಅದನ್ನು ಚಲಿಸುವಂತೆ ಮಾಡುವುದು ಹಗ್ಗ ಮತ್ತು ಮನುಷ್ಯನ ತೋಳು. ಇನ್ನೂ ಕೆಳಗೆ, ಕೇರಳದ ಪೆರಿಕ್ಕಲ್ಲೂರಿನಿಂದ ಕರ್ನಾಟಕದ ಬೈರಕುಪ್ಪೆಗೆ ಕಬಿನಿಯನ್ನು ದಾಟಿಸುವ ದೋಣಿಯಲ್ಲಿ ಹೊರುವ ಒಡಲೂ ನಡೆಸುವ ಹುಟ್ಟೂ ಒಂದೆಡೆಯೇ ಇವೆ. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಪಾಠದ ತಿರುಳು ಅಲ್ಲಿದೆ. ತೆಪ್ಪವನ್ನು ದೊಡ್ಡದು ಮಾಡಿ ಉಕ್ಕಿನಿಂದ ಕಟ್ಟಿದರೆ ಅದು ಬಾರ್ಜ್. ಹಗ್ಗ ಹಿಡಿದ ತೋಳುಗಳ ಜಾಗದಲ್ಲಿ ಯಂತ್ರವುಳ್ಳ ಪುಟ್ಟ ದೋಣಿಯನ್ನು ನಿಲ್ಲಿಸಿದರೆ ಅದು ಟಗ್. ಆ ಇಂಗ್ಲಿಷ್ ಪದಕ್ಕೆ ‘ಜಗ್ಗು’ ಎಂದೇ ಅರ್ಥ. ಹಗ್ಗಜಗ್ಗಾಟವನ್ನು ಆಡದ ಮಗುವಿಲ್ಲವಾದ್ದರಿಂದ ಬೇರೆ ವಿವರಣೆ ಬೇಡ.

ಪದಗಳ ವಿಷಯದಲ್ಲಿ ಅಧ್ಯಾಪಕರು ತುಸು ನಿಲ್ಲುವುದು ಒಳ್ಳೆಯದು. ಮಗುವಿನ ಮನೆಯ ಮಾತು, ಪೇಟೆಯ ಮಲಯಾಳ, ಪುಸ್ತಕದ ಕನ್ನಡ ಇವು ಮೂರೂ ತರಗತಿಯಲ್ಲಿ ಸೇರುತ್ತವೆ. ತೆಪ್ಪವನ್ನು ಒಬ್ಬ ಹುಡುಗ ‘ಚಂಗಾಡಂ’ ಎಂದರೆ ಅದು ತಪ್ಪೆಂದು ತಿದ್ದಬಾರದು. ತೆಪ್ಪದ ಪಕ್ಕದಲ್ಲಿ ಅದನ್ನೂ ಕರಿಹಲಗೆಯ ಮೇಲೆ ಬರೆಯಬೇಕು. ಮಲಬಾರಿಗೆ ಬಂದ ಪೋರ್ಚುಗೀಸರು ಆ ಪದವನ್ನೇ ‘ಜಂಗಾಡ’ ಎಂದು ತಮ್ಮದಾಗಿಸಿಕೊಂಡರು. ಇಂದು ಬ್ರೆಜಿಲಿನ ಮೀನುಗಾರರು ತಮ್ಮ ಹಾಯಿತೆಪ್ಪವನ್ನು ಕರೆಯುವುದು ಅದೇ ಹೆಸರಿನಿಂದ.

ಹೊರುವುದನ್ನೂ ಎಳೆಯುವುದನ್ನೂ ಬೇರ್ಪಡಿಸುವುದರಿಂದ ಆಗುವ ಲಾಭವೇನು? ಎತ್ತಿನ ಗಾಡಿಯೇ ಉತ್ತರ. ಗಾಡಿಗೆ ಭತ್ತ ಹೇರುತ್ತಿರುವಷ್ಟು ಹೊತ್ತು ಎತ್ತುಗಳು ನೊಗ ಕಳಚಿಕೊಂಡು ಮೇಯಬಹುದು, ಇಲ್ಲವೇ ಇನ್ನೊಂದು ಗಾಡಿಯನ್ನು ಎಳೆಯಬಹುದು. ಬಾರ್ಜ್‌ಗೆ ಸರಕು ತುಂಬಲು ದಿನಗಳು ಹಿಡಿದರೂ ಬೆಲೆಬಾಳುವ ಎಂಜಿನು ಕಾದು ಕೂರಬೇಕಾಗಿಲ್ಲ. ಒಂದು ಟಗ್ ಹಲವು ಬಾರ್ಜ್‌ಗಳಿಗೆ ಸರದಿಯಂತೆ ದುಡಿಯುತ್ತದೆ.

ಬಾರ್ಜ್‌ನ ತಳ ಚಪ್ಪಟೆ, ಆಕಾರ ಹೆಚ್ಚುಕಡಿಮೆ ಪೆಟ್ಟಿಗೆಯದು. ಅಂದವಿಲ್ಲದಿದ್ದರೂ ಗಣಿತಕ್ಕೆ ಇಂಥ ಅನುಕೂಲ ಬೇರೆಲ್ಲಿಯೂ ಸಿಗದು. 10 ಮೀಟರ್ ಉದ್ದ, 4 ಮೀಟರ್ ಅಗಲದ ಬಾರ್ಜ್ ಸರಕು ಹೇರಿದ ಮೇಲೆ 10 ಸೆಂಟಿಮೀಟರ್ ಹೆಚ್ಚು ಮುಳುಗಿದರೆ ಅದು ಸರಿಸಿದ ನೀರು 4 ಘನಮೀಟರ್. ಹೊಳೆಯ ನೀರಿನಲ್ಲಾದರೆ ಹೇರಿದ ಭಾರ ಸುಮಾರು 4 ಟನ್. ತೂಕದ ಯಂತ್ರವಿಲ್ಲದೆಯೇ ಒಂದು ಅಳತೆಪಟ್ಟಿಯಿಂದ ಭಾರವನ್ನು ತಿಳಿಯಬಹುದೆಂಬುದು ಮಕ್ಕಳಿಗೆ ಬೆರಗನ್ನು ತರುವ ಸಂಗತಿ. ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿಗೆ ಬಸ್ಸು ಕಾರುಗಳನ್ನು ದಾಟಿಸುತ್ತಿದ್ದ ‘ಲಾಂಚ್’ ಕೂಡ ರಚನೆಯಲ್ಲಿ ಎಂಜಿನು ಕೂಡಿಸಿದ ಬಾರ್ಜ್ ಎಂದೇ ಹೇಳಬೇಕು. ಬೇಸಿಗೆಯಲ್ಲಿ ಹಿನ್ನೀರು ತೀರ ತಗ್ಗಿದಾಗ ಅದರಲ್ಲಿ ವಾಹನ ಸಾಗಾಟವನ್ನು ನಿಲ್ಲಿಸಿದ್ದುಂಟು. ಭಾರ ಹೇರಿದಷ್ಟೂ ಒಡಲಿನ ಕೆಳಗೆ ನೀರು ಬೇಕು. 2025ರ ಜುಲೈ 14ರಂದು ಅಲ್ಲಿ ಸೇತುವೆ ತೆರೆಯಿತು.

ಟಗ್‌ನ ರಚನೆ ಇದಕ್ಕೆ ವಿರುದ್ಧ. ಒಡಲು ಗಿಡ್ಡ, ಎಂಜಿನು ಭಾರಿ. ಅದರ ಶಕ್ತಿಯನ್ನು ವೇಗದಿಂದ ಅಳೆಯುವುದಿಲ್ಲ. ದಕ್ಕೆಯ ಗಟ್ಟಿ ಗೂಟಕ್ಕೆ ಹಗ್ಗ ಕಟ್ಟಿ, ನಿಂತಲ್ಲಿಯೇ ಎಷ್ಟು ಟನ್ ಬಲದಿಂದ ಎಳೆಯುತ್ತದೆಂದು ಅಳೆಯುತ್ತಾರೆ. ಮಲ್ಪೆಯಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ ಟಗ್‌ಗಳ ಎಳೆಬಲ 62 ಟನ್, ಉದ್ದ ಮಾತ್ರ 33 ಮೀಟರ್. ಕನ್ನಡ ನಾಡಿನ ಕರಾವಳಿಯಲ್ಲಿಯೇ ಇಂಥವು ಸಿದ್ಧವಾಗುತ್ತಿರುವಾಗ ಉದಾಹರಣೆಗೆ ಲಂಡನ್ನಿನವರೆಗೆ ಹೋಗಬೇಕಾಗಿಲ್ಲ. ಇತಿಹಾಸಕ್ಕೆ ಒಂದೇ ಒಂದು ಹೆಸರು ಸಾಕು: ವಿಲಿಯಂ ಸಿಮಿಂಗ್ಟನ್ ರೂಪಿಸಿದ ಷಾರ್ಲೆಟ್ ಡಂಡಸ್ ಎಂಬ ಉಗಿದೋಣಿ 1803ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡಿನ ಕಾಲುವೆಯೊಂದರಲ್ಲಿ 70 ಟನ್ನಿನ ಎರಡು ಬಾರ್ಜ್‌ಗಳನ್ನು ಎದುರುಗಾಳಿಯಲ್ಲಿ ಸುಮಾರು 30 ಕಿಲೋಮೀಟರ್ ಎಳೆಯಿತು. ಆ ದಿನ ಬೇರೆ ದೋಣಿಗಳೆಲ್ಲ ಗಾಳಿಗೆ ಹೆದರಿ ನಿಂತಿದ್ದವು. ಆದರೂ ಅದರ ಅಲೆಗಳಿಂದ ಕಾಲುವೆಯ ದಡ ಕುಸಿದೀತೆಂದು ಒಡೆಯರು ಅದನ್ನು ಬಳಕೆಗೆ ತರಲಿಲ್ಲ.

ಹೊರುವ ದೋಣಿಗೂ ಎಳೆಯುವ ದೋಣಿಗೂ ನಡುವೆ ಇರುವುದು ಹಗ್ಗ. ಅಪಾಯವೆಲ್ಲ ಅಲ್ಲಿದೆ. ಇದನ್ನು ತರಗತಿಯಲ್ಲಿ ತೋರಿಸಲು ಅಗಲವಾದ ಪಾತ್ರೆಯಲ್ಲಿ ನೀರು, ಬಾರ್ಜ್‌ಗೆ ಬದಲಾಗಿ ಬಾಳೆದಿಂಡಿನ ತುಂಡು, ಟಗ್‌ಗೆ ಬದಲಾಗಿ ತೆಂಗಿನ ಚಿಪ್ಪು, ಸ್ವಲ್ಪ ನೂಲು ಇಷ್ಟು ಸಾಕು. ಚಿಪ್ಪಿನ ಅಂಚಿಗೆ ನೂಲು ಕಟ್ಟಿ ಅಡ್ಡಲಾಗಿ ಸೆಳೆದರೆ ಚಿಪ್ಪು ವಾಲಿ ನೀರು ಕುಡಿಯುತ್ತದೆ. ನಿಜವಾದ ಟಗ್ ಕೂಡ ತಾನು ಎಳೆಯುತ್ತಿರುವ ಭಾರವೇ ಅಡ್ಡಕ್ಕೆ ಜಗ್ಗಿದಾಗ ಕ್ಷಣಗಳಲ್ಲಿ ಮಗುಚಬಲ್ಲದು; ಆದ್ದರಿಂದಲೇ ಹಗ್ಗವನ್ನು ತಟ್ಟನೆ ಕಳಚುವ ಕೊಕ್ಕೆ ಅದರಲ್ಲಿರುತ್ತದೆ. ಬಿಗಿದ ಹಗ್ಗ ಹರಿದರೆ ಚಾಟಿಯಂತೆ ಬೀಸುವುದರಿಂದ ಅದರ ನೇರಕ್ಕೆ ಯಾರೂ ನಿಲ್ಲುವಂತಿಲ್ಲ. ಕಡಲಿನಲ್ಲಿ ಹಗ್ಗವನ್ನು ಬಹಳ ಉದ್ದ ಬಿಡುತ್ತಾರೆ. ನಡುವೆ ಅದು ತನ್ನ ಭಾರಕ್ಕೆ ಜೋತುಬಿದ್ದು ಅಲೆಯ ಹೊಡೆತವನ್ನು ತಾನೇ ನುಂಗಿಕೊಳ್ಳುತ್ತದೆ.

ಇಷ್ಟು ತಿಳಿದ ಮಕ್ಕಳ ಮುಂದೆ ವಾನ್ ಹೈ 503 ಹಡಗಿನ ಪ್ರಸಂಗವನ್ನು ಇಡಬಹುದು. 2025ರ ಜೂನ್ 9ರಂದು, ವಯನಾಡಿನ ನೆರೆಯ ಜಿಲ್ಲೆಯಾದ ಕಣ್ಣೂರಿನ ಪಶ್ಚಿಮಕ್ಕೆ ಕಡಲಿನಲ್ಲಿ, ಕೊಲಂಬೊದಿಂದ ಮುಂಬಯಿ ಬಳಿಯ ನ್ಹಾವಾ ಶೇವಾ ಬಂದರಿಗೆ ಹೊರಟಿದ್ದ ಈ ಸರಕು ಹಡಗಿಗೆ ಬೆಂಕಿ ಬಿದ್ದಿತು. ಅದರ ಉದ್ದ 270 ಮೀಟರಿಗೆ ಸಮೀಪ. ಇದ್ದ 22 ಜನರಲ್ಲಿ 18 ಮಂದಿಯನ್ನು ರಕ್ಷಿಸಿ, ಐಎನ್‌ಎಸ್ ಸೂರತ್ ನೌಕೆಯಲ್ಲಿ ಮಂಗಳೂರಿನ ಬಂದರಿಗೆ ತರಲಾಯಿತು. ನಾಲ್ವರು ಕಾಣೆಯಾದರು. ಉರಿಯುತ್ತಿರುವ ಹಡಗು ಜನರಿಲ್ಲದೆ ತೇಲತೊಡಗಿತು. ಅದು ದಡಕ್ಕೆ ಬಂದು ಬಡಿದರೆ ಎಣ್ಣೆಯೂ ರಾಸಾಯನಿಕಗಳೂ ಕಡಲಿಗೆ ಸುರಿಯುವ ಭಯವಿತ್ತು.

ಇಲ್ಲಿ ಕಥನವನ್ನು ನಿಲ್ಲಿಸಿ ಕೇಳಬೇಕು: ಟಗ್ ಬಂದಿದೆ, ಹಗ್ಗವೂ ಇದೆ, ಹಡಗಿನ ಮೇಲೆ ಅದನ್ನು ಹಿಡಿದು ಕಟ್ಟುವವರು ಯಾರು? ಮಕ್ಕಳು ಯೋಚಿಸಲಿ. ನಡೆದದ್ದು ಹೀಗೆ: ಹೆಲಿಕಾಪ್ಟರಿನಿಂದ ಕೆಲಸಗಾರರನ್ನು ಉರಿಯುವ ಹಡಗಿಗೆ ಇಳಿಸಿ ಮೊದಲು ವಾಟರ್ ಲಿಲಿ ಎಂಬ ಟಗ್‌ಗೆ ಹಗ್ಗ ಕಟ್ಟಿಸಲಾಯಿತು. ಬಳಿಕ ಪಡುಗಾಳಿ ಬಲಗೊಂಡು ಹಡಗು ಕೇರಳದ ದಡದತ್ತ ಸರಿಯಿತು. ಜೂನ್ 13ರಂದು ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರ್ ಮತ್ತೆ ಜನರನ್ನು ಇಳಿಸಿತು. ಸುಮಾರು 600 ಮೀಟರ್ ಹಗ್ಗದಿಂದ ಆಫ್‌ಶೋರ್ ವಾರಿಯರ್ ಎಂಬ ಟಗ್‌ಗೆ ಹಡಗನ್ನು ಜೋಡಿಸಿ, ಮಳೆಗಾಲದ ಕಡಲಿನಲ್ಲಿ ಅದನ್ನು ದಡದಿಂದ ದೂರಕ್ಕೆ ಎಳೆಯಲಾಯಿತು.

ಕಾಣೆಯಾದ ನಾಲ್ವರ ಬಗ್ಗೆ ಮಕ್ಕಳು ಕೇಳಿಯೇ ಕೇಳುತ್ತಾರೆ. ಅದನ್ನು ಮಾತು ಬದಲಿಸಿ ತೇಲಿಸಬಾರದು. ಟಗ್‌ನವರಿಗೂ ಕಡಲು ದಯೆ ತೋರುವುದಿಲ್ಲ ಎಂಬುದಕ್ಕೆ 2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ಹೇಳಬಹುದು. ಆಗ ಕರ್ನಾಟಕದ ಕರಾವಳಿಯಲ್ಲಿ ಒಂದು ಟಗ್ ಮಗುಚಿ ಜೀವಹಾನಿಯಾಯಿತು. ಇನ್ನೊಂದು ಟಗ್ ಮೂಲ್ಕಿ, ಕಾಪು ಕಡೆಯ ಬಂಡೆಗಳ ನಡುವೆ ಸಿಕ್ಕಿಬಿದ್ದಿತ್ತು; ಮೇ 17ರಂದು ಕರಾವಳಿ ರಕ್ಷಣಾ ಪಡೆಯೂ ನೌಕಾಪಡೆಯೂ ಸೇರಿ ಅದರಲ್ಲಿದ್ದ ಒಂಬತ್ತು ಮಂದಿಯನ್ನೂ ಉಳಿಸಿದವು.

ಮರುದಿನದ ತರಗತಿಗೆ ಒಂದು ಮನೆಗೆಲಸ ಸಾಕು. ಹೊಳೆಯ ಪರಿಚಯವಿರುವ ಮನೆಯ ಹಿರಿಯರನ್ನು ಕೇಳಿ, ತೆಪ್ಪದ ಬಿದಿರನ್ನು ಬಿಗಿಯುವ ಗಂಟನ್ನೂ ನೀರಿನ ನಡುವೆ ಅವಸರದಲ್ಲಿ ಬಿಚ್ಚಬಹುದಾದ ಗಂಟನ್ನೂ ಕಲಿತು ಬರುವುದು. ಅವೆರಡಕ್ಕೆ ಮನೆಯಲ್ಲಿ ಏನೆನ್ನುತ್ತಾರೋ ಆ ಹೆಸರುಗಳನ್ನೇ ಬರೆದು ತರುವುದು.