ಯುದ್ಧವೂ ಕ್ಷಾಮವೂ ಎಲ್ಲಿಂದ ಹುಟ್ಟುವವು?

ಮಳೆಯು ತಪ್ಪಿದರೆ ಬರವು ಬರುವದೆಂದು ನಮ್ಮ ಮಕ್ಕಳೂ ಬಲ್ಲರು. ಆದರೆ ಮಳೆಯು ತಪ್ಪದಿದ್ದರೂ ಲಕ್ಷಾಂತರ ಜನರು ಹಸಿದು ಸಾಯುವದುಂಟೋ? ಉಂಟು. 1943ರಲ್ಲಿ ಬಂಗಾಳದಲ್ಲಿ ಹಾಗಾಯಿತು. ಅದರ ಕಾರಣಗಳನ್ನು ಈ ಪಾಠದಲ್ಲಿ ವಿಚಾರಿಸೋಣ.

ಆಗ ಎರಡನೆಯ ಮಹಾಯುದ್ಧವು ನಡೆಯುತ್ತಿತ್ತು. 1942ರಲ್ಲಿ ಜಪಾನಿನ ಸೈನ್ಯವು ಬರ್ಮಾ ದೇಶವನ್ನು ಹಿಡಿದದ್ದರಿಂದ ಅಲ್ಲಿಯ ಅಕ್ಕಿಯು ಬರುವದು ನಿಂತಿತು. ಶತ್ರುವಿಗೆ ಸಿಕ್ಕಬಾರದೆಂದು ಸರಕಾರವು ಬಂಗಾಳದ ಕರಾವಳಿಯಲ್ಲಿ ಹತ್ತು ಮಂದಿಗಿಂತ ಹೆಚ್ಚು ಹಿಡಿಯುವ ದೋಣಿಗಳನ್ನು ತೆಗೆಯಿಸಿತು. ಬೆಸ್ತರ ಜೀವನವು ಕೆಟ್ಟಿತು. ಅಕ್ಟೋಬರದಲ್ಲಿ ಬಿರುಗಾಳಿಯು ಮಿಡ್ನಾಪುರದ ಸೀಮೆಯನ್ನು ಹಾಳುಮಾಡಿತು. ವರ್ತಕರು ಧಾನ್ಯವನ್ನು ಬಚ್ಚಿಟ್ಟರು. ನೆರೆಯ ಪ್ರಾಂತಗಳು ತಮ್ಮ ಅಕ್ಕಿಯನ್ನು ಹೊರಗೆ ಬಿಡಲಿಲ್ಲ. ಕಲ್ಕತ್ತೆಯ ಕಾರಖಾನೆಗಳವರಿಗೆ ಮೊದಲು ಧಾನ್ಯವು ದೊರೆಯಿತು. ಹಳ್ಳಿಯ ಕೂಲಿಯವನಿಗೆ ದೊರೆಯಲಿಲ್ಲ. 1942ರ ಡಿಸೆಂಬರದಲ್ಲಿ ಮಣಕ್ಕೆ ಸುಮಾರು 13 ರೂಪಾಯಿಯಿದ್ದ ಅಕ್ಕಿಯು ಮುಂದಿನ ಮೇ ತಿಂಗಳಲ್ಲಿ 30 ರೂಪಾಯಿಗೆ ಏರಿತು. ಕೂಲಿಯು ಹಾಗೆ ಏರಲಿಲ್ಲ.

ಸತ್ತವರು ಸುಮಾರು 15 ಲಕ್ಷವೆಂದು 1945ರ ಸರಕಾರಿ ವಿಚಾರಣಾ ಮಂಡಲಿಯು ಎಣಿಸಿತು. ತರುವಾಯದ ಕೆಲವರು 30 ಲಕ್ಷವೆನ್ನುತ್ತಾರೆ. ಆ ವರುಷದ ಧಾನ್ಯವು, ಕ್ಷಾಮವಿಲ್ಲದಿದ್ದ 1941ಕ್ಕಿಂತ ಕಡಿಮೆಯಾಗಿರಲಿಲ್ಲವೆಂದು ಅಮರ್ತ್ಯ ಸೇನರು 1981ರಲ್ಲಿ ವಾದಿಸಿದರು. ಈ ಲೆಕ್ಕವನ್ನು ಎಲ್ಲಾ ವಿದ್ವಾಂಸರು ಒಪ್ಪರು. ಆದರೂ ಇದ್ದ ಧಾನ್ಯವು ಹಸಿದವನ ಕೈಗೆ ಎಟುಕಲಿಲ್ಲವೆಂಬದು ನಿಶ್ಚಯ.

ಇವರಲ್ಲಿ ಒಬ್ಬನಾದರೂ ಬಡವರು ಸಾಯಲೆಂದು ಬಯಸಿದನೆಂದು ನಾವು ಹೇಳುವದಿಲ್ಲ. ಅಧಿಕಾರಿಯು ಭಯದಿಂದಲೂ, ವರ್ತಕನು ಲಾಭದಾಶೆಯಿಂದಲೂ, ನೆರೆಪ್ರಾಂತದವನು ತನ್ನವರ ಚಿಂತೆಯಿಂದಲೂ ತನ್ನ ತನ್ನ ಪಾಲನ್ನೇ ಕಾದುಕೊಂಡನು. ಯುದ್ಧದ ಬೇರೂ ಇದೇ. ಎಣ್ಣೆ ರಬ್ಬರುಗಳಿಗಾಗಿ ಜಪಾನು ಪರರ ಸೀಮೆಗಳನ್ನು ಆಶಿಸಿತು. ಪರರ ದೇಶವನ್ನು ಆಳುತ್ತಿದ್ದ ಬ್ರಿಟಿಷರು ಹಳ್ಳಿಗರ ಹಸಿವೆಗಿಂತ ತಮ್ಮ ಯುದ್ಧವನ್ನೇ ಮುಂದಿಟ್ಟರು. ಜಗಳಗಳು ಮನುಷ್ಯನೊಳಗಣ ಆಶೆಗಳಿಂದಲೇ ಹೊರಡುವವೆಂದು ಯಾಕೋಬನು ತನ್ನ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಬೋಧಿಸುವದು ಇದನ್ನೇ.

ಸಹೋದರರೇ, ಬಂಗಾಳವು ದೂರವಿದೆ, ಆ ವರುಷವೂ ಕಳೆದುಹೋಯಿತು. ಆ ಆಶೆಯಾದರೋ ದೂರವಿಲ್ಲ. ಧಾರಣೆ ಏರಲೆಂದು ನಾವು ಹಗೇವಿನ ಬಾಯಿಯನ್ನು ಮುಚ್ಚಿಡುವಾಗ, ನಮ್ಮ ಹೊಲದಲ್ಲಿ ದುಡಿದವಳು ಸೆರಗನ್ನೊಡ್ಡಿ ಬಾಗಲಲ್ಲಿ ನಿಂತಿರುವದಿಲ್ಲವೋ? ಕಾಳನ್ನು ಸಾಲ ಕೊಟ್ಟು, ಸುಗ್ಗಿಯಲ್ಲಿ ಒಂದಕ್ಕೆ ಒಂದೂವರೆ ಅಳೆಯಿಸಿಕೊಂಡವರು ನಮ್ಮಲ್ಲಿಯೂ ಇದ್ದಾರೆ. ರಾಜರನ್ನೂ ಸೇನಾಪತಿಗಳನ್ನೂ ತಿದ್ದುವ ಶಕ್ತಿಯು ನಮಗಿಲ್ಲ. ನಮ್ಮ ಸೇರನ್ನು ಸರಿಯಾಗಿ ಅಳೆಯುವ ಶಕ್ತಿಯು ಇದೆ.

ಮನೆಯಲ್ಲಿ ಕೂಡಿ ವಿಚಾರಿಸತಕ್ಕದ್ದು:

1. ಬಂಗಾಳದಲ್ಲಿ ಧಾನ್ಯವಿದ್ದರೂ ಜನರು ಯಾಕೆ ಸತ್ತರು?
2. ನಮ್ಮ ಊರಲ್ಲಿ ಈ ಹೊತ್ತು ಒಲೆ ಹೊತ್ತದ ಮನೆ ಯಾವದು? ಅದು ನಮಗೆ ತಿಳಿಯದಿದ್ದರೆ, ಯಾಕೆ?